ಯಹೂದಿ ಎಂಬುದು ಬೈಗುಳವಲ್ಲ

ಗಾಝಾಕ್ಕಾಗಿ ನಮ್ಮ ಮಸೀದಿಗಳಲ್ಲಿ ಎತ್ತಿದ ಕೈಗಳಿಗೆ ಲೆಕ್ಕವಿಲ್ಲ. 2023ರ ಅಕ್ಟೋಬರ್‌ನಿಂದೀಚೆಗೆ ಪುತ್ತೂರು, ಸುಳ್ಯ ಮತ್ತು ಕಡಬದ ಮುಸ್ಲಿಮ್ ಮನೆಗಳಲ್ಲಿ ಇದಕ್ಕಿಂತ ಹೆಚ್ಚು ಚರ್ಚೆಗೊಳಗಾದ ವಿದೇಶಿ ಸುದ್ದಿ ಬಹುಶಃ ಇನ್ನೊಂದಿಲ್ಲ. ಅದು ಸಹಜವೂ ಹೌದು. 2025ರ ಅಕ್ಟೋಬರ್‌ನಲ್ಲಿ ಕದನ ವಿರಾಮ ಘೋಷಣೆಯಾಗುವ ಹೊತ್ತಿಗೆ, ಗಾಝಾದ ಆರೋಗ್ಯ ಸಚಿವಾಲಯದ ಲೆಕ್ಕದಂತೆ ಅಲ್ಲಿ ಸತ್ತವರ ಸಂಖ್ಯೆ 67 ಸಾವಿರವನ್ನು ದಾಟಿತ್ತು. ಅವರಲ್ಲಿ ಹಾಲುಗಲ್ಲದ ಮಕ್ಕಳಿದ್ದರು, ಬಸುರಿಯರಿದ್ದರು, ಹಿಟ್ಟಿಗಾಗಿ ಸಾಲುಗಟ್ಟಿ ನಿಂತವರಿದ್ದರು. ಇದನ್ನು ಕಂಡೂ ಕರಗದ ಹೃದಯ ವಿಶ್ವಾಸಿಯದ್ದಂತೂ ಅಲ್ಲ, ಮನುಷ್ಯನದ್ದೂ ಆಗಿರಲಾರದು.

ಆದರೆ ದುಃಖ ಎಷ್ಟೇ ನ್ಯಾಯಯುತವಾಗಿದ್ದರೂ ಅದು ಆಡುವ ಮಾತಿಗೆ ಒಂದು ಮರ್ಯಾದೆ ಇರಬೇಕು. ನಮ್ಮ ಕೆಲವು ವೇದಿಕೆಗಳಿಂದ ಕೇಳಿಬರುವ ಮಾತುಗಳನ್ನೂ, ಮೊಬೈಲ್‌ನಿಂದ ಮೊಬೈಲ್‌ಗೆ ಹರಿಯುವ ಸಂದೇಶಗಳನ್ನೂ ಗಮನಿಸಿದರೆ ಈ ಮರ್ಯಾದೆ ಮೀರುತ್ತಿದೆಯೇನೋ ಎಂಬ ಆತಂಕ ಉಂಟಾಗುತ್ತದೆ. ಬಾಂಬು ಹಾಕಿದ್ದು ಇಸ್ರೇಲ್ ಎಂಬ ಸರಕಾರ. ಶಾಪ ಬೀಳುತ್ತಿರುವುದು ಯಹೂದಿಯರೆಂಬ ಇಡೀ ಜನಾಂಗದ ಮೇಲೆ. ಜಿಪುಣನನ್ನು, ಮೋಸಗಾರನನ್ನು, ಒಳಸಂಚು ಮಾಡುವವನನ್ನು 'ಯಹೂದಿ' ಎಂದು ಕರೆಯುವ ರೂಢಿ ನಮ್ಮ ಮಾತುಕತೆಯಲ್ಲಿ ಎಷ್ಟು ಸಲೀಸಾಗಿ ಸೇರಿಕೊಂಡಿದೆಯೆಂದರೆ, ಅದು ತಪ್ಪೆಂದು ಯಾರಿಗೂ ಅನಿಸುವುದೇ ಇಲ್ಲ. ಯಹೂದಿಯೊಬ್ಬನನ್ನು ಜೀವಮಾನದಲ್ಲೇ ಕಂಡಿರದ ನಮ್ಮ ಮಕ್ಕಳು ಆ ಪದವನ್ನು ಬೈಗುಳವಾಗಿ ಕಲಿಯುತ್ತಿದ್ದಾರೆ. ಇದನ್ನು ಅವರಿಗೆ ಕಲಿಸಿದವರು ಯಾರು? ಇಸ್ಲಾಮ್ ಕಲಿಸಿತೇ?

ಖಂಡಿತ ಇಲ್ಲ. ಗ್ರಂಥದವರೆಲ್ಲರೂ ಒಂದೇ ತೆರನಲ್ಲ, ಅವರಲ್ಲಿ ಸತ್ಯದ ಮೇಲೆ ನಿಂತವರೂ ಇದ್ದಾರೆ ಎಂದು ಸಾರಿರುವುದು ಪವಿತ್ರ ಕುರ್‌ಆನ್. ಒಬ್ಬನ ಪಾಪದ ಹೊರೆಯನ್ನು ಇನ್ನೊಬ್ಬ ಹೊರುವುದಿಲ್ಲ ಎಂದಿರುವುದೂ ಅದೇ ಕುರ್‌ಆನ್. ಒಂದು ಜನಾಂಗದ ಮೇಲಿನ ಹಗೆತನ ನಿಮ್ಮನ್ನು ನ್ಯಾಯದ ದಾರಿಯಿಂದ ತಪ್ಪಿಸದಿರಲಿ ಎಂದು ಅಲ್‌ಮಾಇದ ಅಧ್ಯಾಯ ಎಚ್ಚರಿಸುತ್ತದೆ. ಹಗೆತನವೇ ಇಲ್ಲದಿದ್ದರೆ ಈ ಎಚ್ಚರಿಕೆಯ ಅಗತ್ಯವಾದರೂ ಏನಿತ್ತು? ಹಗೆ ಇರುವಲ್ಲಿಯೇ ನ್ಯಾಯದ ಪರೀಕ್ಷೆ.

ಅನ್ನಿಸಾ ಅಧ್ಯಾಯದ 105ನೇ ಸೂಕ್ತದಿಂದ ಮೊದಲ್ಗೊಂಡು ಬರುವ ಭಾಗದ ಹಿನ್ನೆಲೆಯನ್ನು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಮದೀನಾದಲ್ಲಿ ಒಂದು ಕವಚ ಕಳವಾಯಿತು. ಕದ್ದವನು ಮುಸ್ಲಿಮನೆನಿಸಿಕೊಂಡಿದ್ದ ತುಅಮಾ. ಆರೋಪ ಹೊರಿಸಿದ್ದು ಒಬ್ಬ ಯಹೂದಿಯ ಮೇಲೆ. ಕಳ್ಳನ ಕುಟುಂಬದವರು ತಮ್ಮವನನ್ನು ಉಳಿಸಲು ಪ್ರವಾದಿವರ್ಯರ(ಸ) ಬಳಿ ಬಂದು ವಾದಿಸಿದರು. ಆಗ ಅವತೀರ್ಣವಾದ ದೇವವಾಣಿ ಆ ಯಹೂದಿಯ ನಿರಪರಾಧಿತ್ವವನ್ನು ಸಾರಿತು. ವಂಚಕರ ಪರವಾಗಿ ವಕಾಲತ್ತು ವಹಿಸಬೇಡಿರೆಂದು ಆಜ್ಞಾಪಿಸಿತು. ಯಹೂದಿ ಗೋತ್ರಗಳೊಂದಿಗೆ ರಾಜಕೀಯ ಸಂಘರ್ಷವಿದ್ದ ನಗರದಲ್ಲಿ, ಮುಸ್ಲಿಮ್ ಸಮುದಾಯ ಇನ್ನೂ ಕಾಲೂರುತ್ತಿದ್ದ ದಿನಗಳಲ್ಲಿ ನಡೆದ ಘಟನೆ ಇದು. ನಮ್ಮವನ ಮಾನ ಹೋದರೂ ಚಿಂತೆಯಿಲ್ಲ, ನಿರಪರಾಧಿ ಯಹೂದಿಗೆ ಅನ್ಯಾಯವಾಗಬಾರದು ಎಂಬ ಪಾಠವನ್ನು ಲೋಕಾಂತ್ಯದವರೆಗೆ ಓದಲ್ಪಡುವ ಗ್ರಂಥದಲ್ಲಿ ಅಚ್ಚೊತ್ತಿಟ್ಟ ಧರ್ಮ ನಮ್ಮದು. ಯಹೂದಿಯೊಬ್ಬನ ಶವ ಹಾದುಹೋದಾಗ ಪ್ರವಾದಿ(ಸ) ಎದ್ದು ನಿಂತದ್ದು, ಅದು ಯಹೂದಿಯ ಶವವೆಂದು ಸಂಗಾತಿಗಳು ನೆನಪಿಸಿದಾಗ ಅದೂ ಒಂದು ಜೀವವಲ್ಲವೇ ಎಂದು ಮರುಪ್ರಶ್ನಿಸಿದ್ದು ಸಹೀಹ್ ಬುಖಾರಿಯಲ್ಲಿ ದಾಖಲಾಗಿದೆ. ಯಹೂದಿ ಮೂಲದವರೆಂದು ತಮ್ಮ ಪತ್ನಿ ಸಫಿಯ್ಯಾ(ರ) ಅವರನ್ನು ಹಂಗಿಸಿದಾಗ, ಹಾರೂನರು ನನ್ನ ತಂದೆ, ಮೂಸಾ ನನ್ನ ಚಿಕ್ಕಪ್ಪ ಎಂದು ಹೆಮ್ಮೆಯಿಂದ ಹೇಳು ಎಂದು ಕಲಿಸಿಕೊಟ್ಟವರೂ ಪ್ರವಾದಿಯೇ(ಸ).

ಕುನೂತಿನ ವಿಷಯಕ್ಕೂ ಬರೋಣ. ಬಿಅರ್ ಮಊನಾದಲ್ಲಿ 70 ಮಂದಿ ಕುರ್‌ಆನ್ ಪಾರಾಯಣಗಾರರನ್ನು ವಂಚನೆಯಿಂದ ಕೊಂದಾಗ ಪ್ರವಾದಿ(ಸ) ಒಂದು ತಿಂಗಳ ಕಾಲ ನಮಾಝ್‌ನಲ್ಲಿ ಪ್ರಾರ್ಥಿಸಿದರು. ಯಾರ ವಿರುದ್ಧ? ರಿಅಲ್, ದಕ್ವಾನ್, ಉಸಯ್ಯಾ ಮೊದಲಾದ ಆ ಕೃತ್ಯವೆಸಗಿದ ಗೋತ್ರಗಳ ಹೆಸರೆತ್ತಿಯೇ ಹೊರತು, ಅರಬರ ವಿರುದ್ಧವಲ್ಲ, ಬಹುದೇವಾರಾಧಕರೆಲ್ಲರ ವಿರುದ್ಧವೂ ಅಲ್ಲ. ಹೀಗಿರುವಾಗ ನಮ್ಮ ಮಿಂಬರ್‌ನಿಂದ 'ಯಹೂದಿಯರನ್ನು ನಾಶಮಾಡು' ಎಂಬ ಸಗಟು ಶಾಪ ಹೊರಡುವುದಾದರೆ, ಅದಕ್ಕೆ ಆಮೀನ್ ಹೇಳುವ ಮುನ್ನ ಒಂದು ಕ್ಷಣ ಯೋಚಿಸಬೇಡವೇ? ಆ ಶಾಪದ ವ್ಯಾಪ್ತಿಯಲ್ಲಿ ಯಾರೆಲ್ಲ ಬರುತ್ತಾರೆಂಬುದು ನಮಗೆ ತಿಳಿದಿದೆಯೇ?

2023ರ ಅಕ್ಟೋಬರ್ 27ರಂದು ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲ್ವೆ ನಿಲ್ದಾಣದಲ್ಲಿ ಕದನ ವಿರಾಮಕ್ಕಾಗಿ ಧರಣಿ ಕುಳಿತು ನೂರಾರು ಸಂಖ್ಯೆಯಲ್ಲಿ ಬಂಧನಕ್ಕೊಳಗಾದವರು ಯಹೂದಿಯರು. ಅವರನ್ನು ಸಂಘಟಿಸಿದ್ದು 'ಜ್ಯೂಯಿಶ್ ವಾಯ್ಸ್ ಫಾರ್ ಪೀಸ್' ಎಂಬ ಸಂಘಟನೆ. ಗಾಝಾದಲ್ಲಿ ನಡೆಯುತ್ತಿರುವುದು ಜನಾಂಗ ಹತ್ಯೆಯೆಂದು 2025ರ ಜುಲೈಯಲ್ಲಿ ವರದಿ ಹೊರತಂದ ಬಿತ್ಸೆಲೆಮ್ ಇಸ್ರೇಲಿನದ್ದೇ ಮಾನವ ಹಕ್ಕು ಸಂಸ್ಥೆ. ಇನ್ನೂ ಹಿಂದಕ್ಕೆ ಹೋದರೆ, 1917ರಲ್ಲಿ ಬಾಲ್ಫರ್ ಘೋಷಣೆಯನ್ನು ಬ್ರಿಟಿಷ್ ಸಚಿವ ಸಂಪುಟದೊಳಗೆ ಬಲವಾಗಿ ವಿರೋಧಿಸಿದ್ದು ಆ ಸಂಪುಟದ ಏಕೈಕ ಯಹೂದಿ ಸದಸ್ಯ ಎಡ್ವಿನ್ ಮಾಂಟೆಗು. ನಮ್ಮ ಮಕ್ಕಳು ಶಾಲೆಯಲ್ಲಿ ಓದುವ ಮಾಂಟೆಗು ಚೆಲ್ಮ್ಸ್‌ಫರ್ಡ್ ಸುಧಾರಣೆಯ ಮಾಂಟೆಗು ಅವರೇ. ಆಗ ಭಾರತದ ವ್ಯವಹಾರಗಳ ಕಾರ್ಯದರ್ಶಿಯಾಗಿದ್ದವರು. 1948ರ ಡಿಸೆಂಬರ್‌ನಲ್ಲಿ ಮೆನಾಚೆಮ್ ಬೆಗಿನ್‌ರ ಪಕ್ಷವನ್ನು ಖಂಡಿಸಿ ಅಮೆರಿಕದ ಪತ್ರಿಕೆಗೆ ಬರೆದ ಪತ್ರಕ್ಕೆ ಸಹಿ ಹಾಕಿದವರಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ಮತ್ತು ಹನ್ನಾ ಆರೆಂಟ್ ಇದ್ದರು. ಇವರೆಲ್ಲರನ್ನೂ ನೆತನ್ಯಾಹು ಅವರೊಂದಿಗೆ ಒಂದೇ ಗೋಣಿಯಲ್ಲಿ ತುಂಬುವುದು ಯಾವ ನ್ಯಾಯ? ಹಾಗೆ ತುಂಬುವವನು ನೆತನ್ಯಾಹು ಅವರ ಕೆಲಸವನ್ನೇ ಸುಲಭಗೊಳಿಸುತ್ತಾನೆ. ಇಸ್ರೇಲ್ ಎಂದರೆ ಯಹೂದಿಯರು, ಯಹೂದಿಯರೆಂದರೆ ಇಸ್ರೇಲ್, ಆದ್ದರಿಂದ ಇಸ್ರೇಲನ್ನು ಟೀಕಿಸುವವರೆಲ್ಲ ಯಹೂದಿ ದ್ವೇಷಿಗಳು ಎಂಬುದು ಅಲ್ಲಿನ ಆಡಳಿತಗಾರರ ವಾದ. ಅದೇ ಸಮೀಕರಣವನ್ನು ನಾವೂ ಒಪ್ಪಿಕೊಂಡರೆ ಅವರ ವಾದಕ್ಕೆ ಸಾಕ್ಷಿ ನುಡಿದಂತಾಗುವುದಿಲ್ಲವೇ?

ಯಹೂದಿ ದ್ವೇಷವೆಂಬುದು ಬರಿಯ ಮಾತಿನ ರೋಗವಲ್ಲ. ಯುರೋಪಿನಲ್ಲಿ ಶತಮಾನಗಳ ಕಾಲ ಬೆಳೆದು, ಹಿಟ್ಲರನ ಕಾಲದಲ್ಲಿ 60 ಲಕ್ಷ ಯಹೂದಿಯರನ್ನು ಬಲಿ ಪಡೆದ ರೋಗ ಅದು. ಆ ಹತ್ಯಾಕಾಂಡವನ್ನು ಅಲ್ಲಗಳೆಯುವ ಅಥವಾ ಅದರ ಲೆಕ್ಕವನ್ನು ತಗ್ಗಿಸುವ ಸಂದೇಶಗಳೂ ನಮ್ಮ ನಡುವೆ ಹರಿದಾಡುತ್ತವೆ. ಫೆಲೆಸ್ತೀನಿಯರ ನೋವನ್ನು ಹೇಳಲು ಯಹೂದಿಯರ ನೋವನ್ನು ಸುಳ್ಳೆನ್ನಬೇಕೇ? ಯುರೋಪಿನ ಅಪರಾಧಕ್ಕೆ ಫೆಲೆಸ್ತೀನಿಯರು ಯಾಕೆ ದಂಡ ತೆರಬೇಕು ಎಂದು ಕೇಳುವವರು ಮೊದಲು ಆ ಅಪರಾಧ ನಡೆದಿದೆಯೆಂದು ಒಪ್ಪಬೇಕಲ್ಲವೇ? 'ಝಿಯೋನ್ ಹಿರಿಯರ ನಡಾವಳಿ' ಎಂಬ ಕೃತಿಯ ಕಥೆಯೂ ಇಂಥದ್ದೇ. ಜಗತ್ತನ್ನು ಆಳಲು ಯಹೂದಿಯರು ರೂಪಿಸಿದ ಗುಪ್ತ ಯೋಜನೆ ಎಂದು ಹೇಳಲಾಗುವ ಆ ಬರಹ ಮೊದಲು ಪ್ರಕಟವಾದದ್ದು 1903ರಲ್ಲಿ, ರಷ್ಯದಲ್ಲಿ. ಅದು 1864ರ ಫ್ರೆಂಚ್ ರಾಜಕೀಯ ವಿಡಂಬನೆಯೊಂದರಿಂದ ಕದ್ದು ಹೆಣೆದ ನಕಲಿ ದಾಖಲೆಯೆಂದು ಲಂಡನ್ನಿನ 'ಟೈಮ್ಸ್' ಪತ್ರಿಕೆ 1921ರಲ್ಲೇ ಬಯಲಿಗೆಳೆಯಿತು. ಆದರೂ ಅರಬಿ, ಉರ್ದು ಅನುವಾದಗಳ ಮೂಲಕ ಅದು ಮುಸ್ಲಿಮ್ ಜಗತ್ತಿನಲ್ಲಿ ಬದುಕುಳಿಯಿತು. ಸುದ್ದಿ ತರುವವನು ಕೆಡುಕನಾದರೆ ಅದನ್ನು ಪರಿಶೀಲಿಸಿರಿ ಎಂಬ ಕುರ್‌ಆನಿನ ಆದೇಶ ಯಹೂದಿಯರ ಕುರಿತಾದ ಸುದ್ದಿಗೆ ಅನ್ವಯವಾಗುವುದಿಲ್ಲವೆಂದು ಯಾರು ಹೇಳಿದರು?

ಈ ದ್ವೇಷ ಎಲ್ಲಿಗೆ ತಲುಪಿಸುತ್ತದೆಂಬುದನ್ನು 2025ರ ಡಿಸೆಂಬರ್ 14 ತೋರಿಸಿತು. ಸಿಡ್ನಿಯ ಬಾಂಡೈ ಕಡಲತೀರದಲ್ಲಿ ಹನುಕ್ಕಾ ಹಬ್ಬ ಆಚರಿಸುತ್ತಿದ್ದ ಯಹೂದಿ ಕುಟುಂಬಗಳ ಮೇಲೆ ತಂದೆ ಮತ್ತು ಮಗ ಗುಂಡಿನ ಮಳೆಗರೆದರು. 15 ಮಂದಿ ಪ್ರಾಣ ಕಳೆದುಕೊಂಡರು. ಹಂತಕರದ್ದು ಮುಸ್ಲಿಮ್ ಹೆಸರು. ತಂದೆ ಹೈದರಾಬಾದ್ ಮೂಲದವನೆಂದು ತೆಲಂಗಾಣ ಪೊಲೀಸರು ತಿಳಿಸಿದರು. ಗಾಝಾದ ಒಂದು ಮಗುವಿಗಾದರೂ ಇದರಿಂದ ತುತ್ತು ಅನ್ನ ಸಿಕ್ಕಿತೇ? ಅದೇ ಕಡಲತೀರದಲ್ಲಿ ಬರಿಗೈಯಲ್ಲಿ ಹಂತಕನ ಮೇಲೆರಗಿ ಬಂದೂಕು ಕಿತ್ತುಕೊಂಡು, ತಾನೇ ಗುಂಡೇಟು ತಿಂದ ಹಣ್ಣಿನ ವ್ಯಾಪಾರಿಯ ಹೆಸರು ಅಹ್ಮದ್ ಅಲ್ ಅಹ್ಮದ್. ಅವರು ಸಿರಿಯ ಮೂಲದ ಮುಸ್ಲಿಮ್. ಆ ದಿನ ಇಸ್ಲಾಮನ್ನು ಪ್ರತಿನಿಧಿಸಿದ್ದು ಯಾರೆಂಬುದನ್ನು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳಬೇಕು. ಮುಂಬೈಯ 2008ರ ನವೆಂಬರ್ ದಾಳಿಯಲ್ಲಿ ನಾರಿಮನ್ ಹೌಸ್‌ನ ಯಹೂದಿ ಕೇಂದ್ರದಲ್ಲಿ ರಬ್ಬಿ ದಂಪತಿಯೂ ಸೇರಿ ಆರು ಮಂದಿಯನ್ನು ಕೊಲ್ಲಲಾಯಿತು. ಆ ದಾಳಿಯ ಹಂತಕರ ಶವಗಳಿಗೆ ತಮ್ಮ ಕಬರಸ್ತಾನದಲ್ಲಿ ಜಾಗ ಕೊಡಲಾರೆವೆಂದು ಅಲ್ಲಿನ ಮುಸ್ಲಿಮ್ ಟ್ರಸ್ಟ್ ನಿರಾಕರಿಸಿತು. ಭಾಷಣದ ಖಂಡನೆಗಿಂತ ಆ ನಿರಾಕರಣೆ ಹೆಚ್ಚು ದೂರ ಕೇಳಿಸಿತು.

ಇಷ್ಟಕ್ಕೂ ಯಹೂದಿಯರು ನಮ್ಮ ನಾಡಿಗೆ ಅಪರಿಚಿತರಲ್ಲ. ಕೈರೋದ ಹಳೆಯ ಸಿನಗಾಗ್‌ನಲ್ಲಿ ಶತಮಾನಗಳ ಕಾಲ ಬಿದ್ದಿದ್ದ ಕಾಗದಗಳ ನಡುವೆ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿಯ ಪತ್ರಗಳು ದೊರೆತಿವೆ. ಟ್ಯುನೀಶಿಯದ ಮಹ್ದಿಯಾದಿಂದ ಹೊರಟ ಈತ 1132ರ ವೇಳೆಗೆ ಮಂಗಳೂರಿನಲ್ಲಿದ್ದ. 1149ರಲ್ಲಿ ಏಡನ್‌ಗೆ ಮರಳಿದ. ಹಿಬ್ರೂ ಲಿಪಿಯಲ್ಲಿ ಅರಬಿ ಭಾಷೆಯನ್ನು ಬರೆಯುತ್ತಿದ್ದ ಈ ಯಹೂದಿ ಇಲ್ಲಿ ಹಿತ್ತಾಳೆಯ ಕಾರ್ಖಾನೆ ನಡೆಸಿದ, ಅಶು ಎಂಬ ಭಾರತೀಯ ಮಹಿಳೆಯೊಂದಿಗೆ ಸಂಸಾರ ಹೂಡಿದ, ಬೊಮ್ಮ ಎಂಬ ತುಳುನಾಡಿನ ಸೇವಕನನ್ನು ವ್ಯಾಪಾರದ ಕೆಲಸಕ್ಕೆ ಏಡನ್‌ವರೆಗೂ ಕಳುಹಿಸಿದ. ಇಲ್ಲಿಂದ ಆತ ರವಾನಿಸುತ್ತಿದ್ದ ಸರಕುಗಳೆಂದರೆ ಕರಿಮೆಣಸು, ಕಬ್ಬಿಣ ಮತ್ತು ಅಡಿಕೆ. ಇಂದಿಗೂ ಪುತ್ತೂರು, ಸುಳ್ಯ, ಕಡಬದ ಒಲೆ ಉರಿಯುವುದು ಯಾವ ಬೆಳೆಯಿಂದಲೋ ಅದೇ ಅಡಿಕೆ 900 ವರ್ಷಗಳ ಹಿಂದೆ ಯಹೂದಿಯ ಕೈಯಿಂದ ಅರಬಿಗಳ ಬಂದರಿಗೆ ಹೋಗುತ್ತಿತ್ತು. ಅಮಿತಾವ್ ಘೋಷ್ ತಮ್ಮ 1992ರ ಕೃತಿಯಲ್ಲಿ ಈ ಬೊಮ್ಮನ ಜಾಡು ಹಿಡಿದು ಮಂಗಳೂರಿಗೂ ಬಂದಿದ್ದರು. ತುಳುವ, ಅರಬ, ಯಹೂದಿ ಮೂವರೂ ಒಂದೇ ಕಡಲನ್ನು ನಂಬಿ ಬದುಕಿದ ಚರಿತ್ರೆ ನಮ್ಮದೇ ಕರಾವಳಿಯದ್ದು.

ಆ ಚರಿತ್ರೆಯಲ್ಲಿ ಕಳಂಕವಿಲ್ಲವೆಂದು ಹೇಳಬೇಕಾಗಿಲ್ಲ. ನಮ್ಮ ದರ್ಸ್‌ಗಳಲ್ಲಿ ಓದಿಸಲಾಗುವ 'ಫತ್‌ಹುಲ್ ಮುಈನ್'ನ ಕರ್ತೃ ಝೈನುದ್ದೀನ್ ಮಖ್ದೂಮ್‌ರೇ, 16ನೇ ಶತಮಾನದ ಆದಿಯಲ್ಲಿ ಕೊಡುಂಗಲ್ಲೂರಿನ ಯಹೂದಿಯರ ಮೇಲೆ ಮುಸ್ಲಿಮರು ನಡೆಸಿದ ದಾಳಿಯನ್ನು ತಮ್ಮ 'ತುಹ್ಫತುಲ್ ಮುಜಾಹಿದೀನ್'ನಲ್ಲಿ ಮರೆಮಾಚದೆ ದಾಖಲಿಸಿದ್ದಾರೆ. 1941ರ ಜೂನ್‌ನಲ್ಲಿ ಬಗ್ದಾದಿನ ಯಹೂದಿಯರ ಮೇಲೆ ನಡೆದ ಹಿಂಸಾಚಾರವೂ ಇತಿಹಾಸವೇ. ಅದೇ ಯುದ್ಧಕಾಲದಲ್ಲಿ ಅಲ್ಬೇನಿಯದ ಮುಸ್ಲಿಮರು ನಾಝಿಗಳಿಂದ ಯಹೂದಿಯರನ್ನು ತಮ್ಮ ಮನೆಗಳಲ್ಲಿ ಅಡಗಿಸಿಟ್ಟು ಕಾಪಾಡಿದ್ದೂ ಇತಿಹಾಸವೇ. ಯುದ್ಧ ಮುಗಿದಾಗ ಅಲ್ಬೇನಿಯದಲ್ಲಿ ಯಹೂದಿಯರ ಸಂಖ್ಯೆ ಮೊದಲಿಗಿಂತ ಹೆಚ್ಚಿತ್ತು. ಎರಡೂ ನಮ್ಮ ಪರಂಪರೆಯಲ್ಲಿವೆ. ಯಾವುದನ್ನು ಮುಂದುವರಿಸಬೇಕೆಂಬ ಆಯ್ಕೆ ಮಾತ್ರ ನಮ್ಮ ಕೈಯಲ್ಲಿದೆ.

ಸಾಮೂಹಿಕ ಅಪರಾಧ ಹೊರಿಸುವುದರ ಅರ್ಥ ಈ ಮೂರು ತಾಲೂಕುಗಳ ಮುಸ್ಲಿಮರಿಗೆ ಗೊತ್ತಿಲ್ಲದ್ದೇನಲ್ಲ. 2022ರ ಜುಲೈಯಲ್ಲಿ ಬೆಳ್ಳಾರೆಯಿಂದ ಸುರತ್ಕಲ್‌ವರೆಗೆ ಹತ್ತು ದಿನಗಳ ಅಂತರದಲ್ಲಿ ಮೂವರು ಯುವಕರು ಕೊಲೆಯಾದರು; ಇಬ್ಬರು ಮುಸ್ಲಿಮರು, ಒಬ್ಬ ಹಿಂದೂ. ಆ ದಿನಗಳಲ್ಲಿ ಕೊಲೆಗಡುಕರು ಮಾತ್ರ ಆರೋಪಿಗಳಾಗಿ ಉಳಿಯಲಿಲ್ಲ. ಹೆಸರು ನೋಡಿ, ಟೋಪಿ ನೋಡಿ ಸಂಶಯಿಸುವ ಕಣ್ಣುಗಳನ್ನು ನಮ್ಮ ವ್ಯಾಪಾರಿಗಳೂ ವಿದ್ಯಾರ್ಥಿಗಳೂ ಎದುರಿಸಿದರು. ಅದೇ ವರ್ಷದ ಜಾತ್ರೆಗಳಲ್ಲಿ, ಪುತ್ತೂರಿನದ್ದೂ ಸೇರಿದಂತೆ, ಮುಸ್ಲಿಮ್ ವ್ಯಾಪಾರಿಗಳನ್ನು ಮಳಿಗೆಗಳಿಂದ ದೂರವಿಡುವ ಕರೆ ಮೊಳಗಿತು. ಬಳೆ ಮಾರುವವನು, ಐಸ್‌ಕ್ರೀಮ್ ಮಾರುವವನು ಮಾಡಿದ ತಪ್ಪೇನು? 1933ರ ಎಪ್ರಿಲ್ 1ರಂದು ಜರ್ಮನಿಯಲ್ಲಿ ನಾಝಿಗಳು ಯಹೂದಿಯರ ಅಂಗಡಿಗಳನ್ನು ಬಹಿಷ್ಕರಿಸಲು ಕರೆಕೊಟ್ಟಾಗ ಅಲ್ಲಿನ ಬಟ್ಟೆ ವ್ಯಾಪಾರಿಯೂ ಇದೇ ಪ್ರಶ್ನೆ ಕೇಳಿರಬೇಕು. ಎರಡರ ಪ್ರಮಾಣ ಒಂದೇ ಅಲ್ಲ, ನಿಜ. ಆದರೆ ಹುಟ್ಟನ್ನೇ ಅಪರಾಧವಾಗಿಸುವ ತರ್ಕ ಒಂದೇ. ಆ ತರ್ಕದ ಬಿಸಿ ತಟ್ಟಿಸಿಕೊಂಡ ಸಮುದಾಯವೇ ಅದನ್ನು ಇನ್ನೊಂದು ಸಮುದಾಯದ ಮೇಲೆ ಪ್ರಯೋಗಿಸುವುದಾದರೆ ನಮ್ಮ ದೂರನ್ನು ಕೇಳುವವರು ಯಾರು?

ಇಸ್ರೇಲಿನ ಧ್ವಜ ಹಿಡಿದು ಮೆರೆಯುವ ಇಲ್ಲಿನ ಬಲಪಂಥೀಯರಿಗೆ ಯಹೂದಿಯರ ಮೇಲೆ ಪ್ರೀತಿ ಉಕ್ಕಿದೆಯೆಂದು ಭಾವಿಸಬೇಕಾಗಿಲ್ಲ. 1939ರಲ್ಲಿ ಗೋಳ್ವಲ್ಕರ್ ಹೆಸರಿನಲ್ಲಿ ಪ್ರಕಟವಾದ ಕೃತಿ, ಯಹೂದಿಯರನ್ನು ಹೊರದಬ್ಬಿದ ಜರ್ಮನಿಯಿಂದ ಭಾರತ ಕಲಿಯಬೇಕಾದ ಪಾಠವಿದೆ ಎಂದಿತ್ತು. ಸಂಘವು ನಂತರ ಆ ಕೃತಿಯಿಂದ ಅಂತರ ಕಾಯ್ದುಕೊಂಡಿತು. ಅಂದು ಹಿಟ್ಲರ್‌ನಲ್ಲಿ ಮೆಚ್ಚಿದ್ದನ್ನೇ ಇಂದು ನೆತನ್ಯಾಹು ಅವರಲ್ಲಿ ಮೆಚ್ಚುವ ಮನಸ್ಸು ಅದು. ಅದಕ್ಕೆ ಉತ್ತರವೆಂದು ನಾವು ಯಹೂದಿ ದ್ವೇಷಕ್ಕೆ ಇಳಿದರೆ ಅವರ ಪಾಠಶಾಲೆಗೇ ಸೇರಿದಂತಾಗುತ್ತದೆ.

ಹಾಗಾದರೆ ಒಂದು ಸಣ್ಣ ಪಟ್ಟಣದ ಮುಸ್ಲಿಮರು ವಿದೇಶಾಂಗ ನೀತಿಯ ಬಗ್ಗೆ ಮಾತಾಡಲೇಬಾರದೇ? ಮಾತಾಡಬೇಕು. ಅದು ನಮ್ಮ ಹಕ್ಕು. ಅಂತಾರಾಷ್ಟ್ರೀಯ ಶಾಂತಿಯನ್ನು ಬೆಳೆಸುವುದು, ರಾಷ್ಟ್ರಗಳ ನಡುವೆ ನ್ಯಾಯೋಚಿತ ಸಂಬಂಧ ಕಾಪಾಡುವುದು, ಅಂತಾರಾಷ್ಟ್ರೀಯ ಕಾನೂನಿಗೆ ಗೌರವ ಮೂಡಿಸುವುದು ರಾಜ್ಯದ ಪ್ರಯತ್ನವಾಗಿರಬೇಕೆಂದು ಸಂವಿಧಾನದ 51ನೇ ವಿಧಿ ಹೇಳುತ್ತದೆ. ಆ ವಿಧಿಯನ್ನು ಸರಕಾರಕ್ಕೆ ನೆನಪಿಸುವ ಪ್ರಜೆ ದೇಶದ್ರೋಹಿಯಲ್ಲ. ಫೆಲೆಸ್ತೀನ್ ವಿಭಜನೆಯ ಪ್ರಸ್ತಾವದ ವಿರುದ್ಧ 1947ರ ನವೆಂಬರ್ 29ರಂದು ಮತ ಹಾಕಿದ ದೇಶ ನಮ್ಮದು. 1974ರಲ್ಲಿ ಫೆಲೆಸ್ತೀನ್ ವಿಮೋಚನಾ ಸಂಘಟನೆಗೆ, 1988ರಲ್ಲಿ ಫೆಲೆಸ್ತೀನ್ ರಾಷ್ಟ್ರಕ್ಕೆ ಮಾನ್ಯತೆ ಕೊಟ್ಟ ದೇಶ ನಮ್ಮದು. 1992ರಲ್ಲಿ ಇಸ್ರೇಲ್‌ನೊಂದಿಗೆ ಪೂರ್ಣ ರಾಜತಾಂತ್ರಿಕ ಸಂಬಂಧ ಬೆಳೆಸಿದ ನಂತರವೂ ಫೆಲೆಸ್ತೀನಿನ ಹಕ್ಕನ್ನು ಕೈಬಿಟ್ಟಿದ್ದೇವೆಂದು ಯಾವ ಸರಕಾರವೂ ಹೇಳಿಲ್ಲ. ಆದರೆ 2023ರ ಅಕ್ಟೋಬರ್ 27ರಂದು ಮಾನವೀಯ ಕದನ ವಿರಾಮದ ನಿರ್ಣಯ ವಿಶ್ವಸಂಸ್ಥೆಯ ಮಹಾಸಭೆಯ ಮುಂದೆ ಬಂದಾಗ ಭಾರತ ಗೈರು ಮತ ಹಾಕಿತು. ಡಿಸೆಂಬರ್ 12ರಂದು ಬೆಂಬಲಿಸಿತು. ಈ ಓಲಾಟ ಯಾಕೆಂದು ಕೇಳುವುದು ಮುಸ್ಲಿಮರ ಕೆಲಸ ಮಾತ್ರವಲ್ಲ, ಗಾಂಧೀಜಿಯನ್ನು ಗೌರವಿಸುವ ಪ್ರತಿಯೊಬ್ಬರ ಕೆಲಸ.

ಗಾಂಧೀಜಿ ನಮ್ಮ ಊರುಗಳಿಗೂ ಬಂದವರು. 1920ರ ಆಗಸ್ಟ್‌ನಲ್ಲಿ ಖಿಲಾಫತ್ ಚಳವಳಿಯ ಭಾಗವಾಗಿ ಶೌಕತ್ ಅಲಿಯವರೊಂದಿಗೆ ಮಂಗಳೂರಿಗೆ ಬಂದರು. 1934ರಲ್ಲಿ ಪುತ್ತೂರಿಗೆ ಬಂದರು. ಗಾಂಧಿ ಕಟ್ಟೆ ಅದರ ನೆನಪು. ನಾಲ್ಕು ವರ್ಷಗಳ ಬಳಿಕ, 1938ರ ನವೆಂಬರ್‌ನಲ್ಲಿ, 'ಹರಿಜನ' ಪತ್ರಿಕೆಯಲ್ಲಿ ಅವರು ಯಹೂದಿಯರ ಕುರಿತು ಬರೆದರು. ಯಹೂದಿಯರ ಬಗ್ಗೆ ತಮ್ಮ ಪೂರ್ಣ ಸಹಾನುಭೂತಿಯನ್ನೂ ಜರ್ಮನಿಯ ದೌರ್ಜನ್ಯದ ಬಗ್ಗೆ ಕಟು ಖಂಡನೆಯನ್ನೂ ಅದೇ ಲೇಖನದಲ್ಲಿ ಹೇಳಿ, ಆದರೂ ಅರಬರ ನೆಲವನ್ನು ಅವರ ಮೇಲೆ ಹೇರಿ ಕಸಿಯುವುದು ಅನ್ಯಾಯವೆಂದರು. ಎರಡು ಮಾತುಗಳೂ ಒಂದೇ ಬಾಯಿಂದ, ಒಂದೇ ಬರಹದಲ್ಲಿ. ನಮಗೆ ಬೇಕಾಗಿರುವ ಮಾದರಿ ಇದು.

ಖಿಲಾಫತ್ ಚಳವಳಿಯಲ್ಲಿ ಇನ್ನೊಂದು ಪಾಠವಿದೆ. ಧರ್ಮದ ಭಾವನೆಯನ್ನು ವಿದೇಶಾಂಗ ನೀತಿಯ ಬೇಡಿಕೆಯಾಗಿ ಭಾರತದ ಮುಸ್ಲಿಮರು ಮುಂದಿಟ್ಟ ಬಹುದೊಡ್ಡ ಯತ್ನ ಅದು. ಹಿಂದೂಗಳೂ ಅದರೊಂದಿಗೆ ನಿಂತರು. ಆದರೆ 1924ರ ಮಾರ್ಚ್‌ನಲ್ಲಿ ಟರ್ಕಿಯೇ ಖಿಲಾಫತ್ತನ್ನು ರದ್ದುಗೊಳಿಸಿದಾಗ ಚಳವಳಿಯ ನೆಲವೇ ಕುಸಿಯಿತು. ದೂರದ ಒಂದು ಅಧಿಕಾರ ಪೀಠಕ್ಕೆ ಕಟ್ಟಿಹಾಕಿದ ಬೇಡಿಕೆ ಆ ಪೀಠದೊಂದಿಗೇ ಮುಳುಗುತ್ತದೆ. ನ್ಯಾಯಕ್ಕೆ ಕಟ್ಟಿದ ಬೇಡಿಕೆ ಮುಳುಗುವುದಿಲ್ಲ. ಆದ್ದರಿಂದಲೇ ನಮ್ಮ ಬೆಂಬಲ ಯಾವುದೇ ಪಕ್ಷಕ್ಕಾಗಲೀ ಸಶಸ್ತ್ರ ಗುಂಪಿಗಾಗಲೀ ಅಲ್ಲ, ಫೆಲೆಸ್ತೀನ್ ಜನತೆಗೆ. ಅಕ್ಟೋಬರ್ 7ರ ದಾಳಿಯಲ್ಲಿ ಸತ್ತವರು ಸುಮಾರು 1,200 ಮಂದಿ. ಒತ್ತೆಯಾಳುಗಳಾದವರು ಸುಮಾರು 250. ಅವರಲ್ಲಿ ಆಯುಧ ಮುಟ್ಟದ ಮಹಿಳೆಯರು, ವೃದ್ಧರು, ಮಕ್ಕಳಿದ್ದರು. ಯುದ್ಧದಲ್ಲೂ ಇಂಥವರ ಮೇಲೆ ಕೈಯೆತ್ತಬಾರದೆಂದು ಕಲಿಸಿದ ಪ್ರವಾದಿಯ(ಸ) ಅನುಯಾಯಿಗಳು ಅದನ್ನು ಸಮರ್ಥಿಸಲಾರರು. ಅದನ್ನು ಖಂಡಿಸಿದ ಮಾತ್ರಕ್ಕೆ ದಶಕಗಳ ಆಕ್ರಮಣ, ದಿಗ್ಬಂಧನಗಳು ನ್ಯಾಯವಾಗುವುದೂ ಇಲ್ಲ.

ಇನ್ನು ಮಾಡಬೇಕಾದ ಕೆಲಸ. ಮಸೀದಿಗಳ ಜಮಾಅತ್‌ಗಳು ಖತೀಬರೊಂದಿಗೆ ಕುಳಿತು ದುಆದ ಪದಗಳ ಬಗ್ಗೆ ಸಮಾಲೋಚಿಸಲಿ. ಅಕ್ರಮಿಗಳ ವಿರುದ್ಧ, ಮರ್ದಿತರ ಪರವಾಗಿ ಪ್ರಾರ್ಥಿಸಲು ನಮ್ಮಲ್ಲಿ ಪದಗಳಿಗೆ ಬರವಿಲ್ಲ. ಜನಾಂಗದ ಹೆಸರು ಅದಕ್ಕೆ ಬೇಕಾಗಿಯೂ ಇಲ್ಲ. ಮದ್ರಸಾಗಳಲ್ಲಿ ಬನೂ ಇಸ್ರಾಈಲರ ಇತಿಹಾಸ ಕಲಿಸುವ ಉಸ್ತಾದರು ತುಅಮಾನ ಪ್ರಕರಣವನ್ನೂ ಕಲಿಸಲಿ. ಪರಿಶೀಲಿಸದ ಸಂದೇಶವನ್ನು ಮುಂದೂಡುವ ಯುವಕನನ್ನು ಮನೆಯ ಹಿರಿಯರೇ ತಡೆಯಲಿ. ಅದು ಧರ್ಮದ ಕೆಲಸವೂ ಹೌದು, ಅವನ ಭವಿಷ್ಯದ ರಕ್ಷಣೆಯೂ ಹೌದು. ಒಂದು ವಾಟ್ಸ್‌ಆ್ಯಪ್ ಸ್ಟೇಟಸ್ ಠಾಣೆಯ ಮೆಟ್ಟಿಲು ಹತ್ತಿಸಬಹುದಾದ ಕಾಲದಲ್ಲಿ ನಾವಿದ್ದೇವೆ.

ತಹಶೀಲ್ದಾರರ ಮೂಲಕ ರಾಷ್ಟ್ರಪತಿಗೆ ಸಲ್ಲಿಸುವ ಮನವಿಯಲ್ಲಿ ಘೋಷಣೆಗಿಂತ ವಿಷಯವಿರಲಿ. ಕದನ ವಿರಾಮ ಪಾಲನೆಯಾಗಬೇಕು, ಆಹಾರ ಮತ್ತು ಔಷಧ ತಡೆಯಿಲ್ಲದೆ ತಲುಪಬೇಕು, ಅಂತಾರಾಷ್ಟ್ರೀಯ ನ್ಯಾಯಾಲಯ 2024ರ ಜನವರಿ 26ರಂದು ನೀಡಿದ ತಾತ್ಕಾಲಿಕ ಆದೇಶಗಳನ್ನು ಇಸ್ರೇಲ್ ಪಾಲಿಸುವಂತೆ ಭಾರತ ಒತ್ತಾಯಿಸಬೇಕು, ಸ್ವತಂತ್ರ ಫೆಲೆಸ್ತೀನ್ ಎಂಬ ತನ್ನ ಘೋಷಿತ ನೀತಿಗೆ ಬದ್ಧವಾಗಿರಬೇಕು. ಇವು ಯಾವ ನ್ಯಾಯವಂತ ಹಿಂದೂವೂ ಕ್ರೈಸ್ತನೂ ಸಹಿ ಹಾಕಬಹುದಾದ ಬೇಡಿಕೆಗಳು. ಅವರ ಬಳಿಗೆ ಹೋಗಿ ಸಹಿ ಕೇಳೋಣ. ಅದೇ ಮನವಿಯಲ್ಲಿ ಇನ್ನೊಂದು ಸಾಲು ಸೇರಲಿ: ಯಹೂದಿಯರ ಮೇಲೆ, ಅವರ ಆರಾಧನಾಲಯಗಳ ಮೇಲೆ ಜಗತ್ತಿನ ಎಲ್ಲಿಯೇ ನಡೆಯುವ ದಾಳಿಯನ್ನೂ ನಾವು ಖಂಡಿಸುತ್ತೇವೆ.

ಆ ಸಾಲನ್ನು ಬರೆಯಲು ಕೈ ಹಿಂಜರಿದರೆ ಉಳಿದ ಸಾಲುಗಳನ್ನು ನಾವು ಬರೆದದ್ದು ನ್ಯಾಯಕ್ಕಾಗಿಯೋ, ಬರಿಯ ನಮ್ಮವರಿಗಾಗಿಯೋ ಎಂಬ ಪ್ರಶ್ನೆ ಏಳುತ್ತದೆ. ಸ್ವತಃ ನಿಮ್ಮ ವಿರುದ್ಧವೇ ಆದರೂ ನ್ಯಾಯಕ್ಕೆ ಸಾಕ್ಷಿಗಳಾಗಿ ನಿಲ್ಲಿರೆಂದು ಆಜ್ಞಾಪಿಸಲ್ಪಟ್ಟ ಸಮುದಾಯ ನಮ್ಮದು. ಗಾಝಾದ ಮಕ್ಕಳಿಗೆ ಅಂತಹ ಸಾಕ್ಷಿಗಳು ಬೇಕಾಗಿದ್ದಾರೆ.